ಚಾವಡಿ ಗೋಡೆಗೆ ಮನೆಯವರ ಫೋಟೋ: ಪ್ರಿಂಟರ್ ತಗೊಳ್ಳುವ ಮೊದಲು ಗೋಡೆಯನ್ನೊಮ್ಮೆ ನೋಡಿ

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ತೋಟದ ನಡುವೆ ಹಳೇ ಹೆಂಚಿನ ಮನೆ. ಕಳೆದ ವರ್ಷ ಮಾರ್ಚಿನಲ್ಲಿ ಚಾವಡಿಯ ಪಶ್ಚಿಮದ ಗೋಡೆಗೆ ಹೊಸತಾಗಿ ಸಾರಣೆ ಮಾಡಿಸಿ ಪೈಂಟ್ ಕೊಡಿಸಿದ್ದು. ಆ ಗೋಡೆ ತುಂಬ ಮನೆಯವರ ಫೋಟೋ ಹಾಕ್ಬೇಕು ಅಂತ ನನ್ನ ಆಸೆ. ಮಕ್ಕಳ ಶಾಲೆ ಪ್ರಾಜೆಕ್ಟಿಗೆ ಅಂತ ತಗೊಂಡ 4 ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರಿನಲ್ಲಿ 5 ಫೋಟೋ ಗ್ಲಾಸಿ ಪೇಪರಿಗೆ ಪ್ರಿಂಟ್ ಮಾಡಿ, ಕಟ್ಟು ಹಾಕಿಸಿ ಮೇ ತಿಂಗಳಲ್ಲಿ ತೂಗು ಹಾಕಿದೆವು. ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯುವಾಗ ಬಿಳಿ ಅಂಗಿಗಳೆಲ್ಲ ಗುಲಾಬಿ ಆಗಿ, ಗ್ಲಾಸಿನ ಒಳಗೆ ಬೂಷ್ಟು ಬಂದು ಎರಡು ಫೋಟೋ ಪೂರ್ತಿ ಹಾಳು. ಈಗ ಬೆಂಗಳೂರಲ್ಲಿರುವ ಮಗ 6 ಬಣ್ಣದ ಫೋಟೋ ಪ್ರಿಂಟರ್ ತೆಗೆದುಕೊಡ್ತೇನೆ ಅಂತಾನೆ. ಲ್ಯಾಬಿನವರು ಮನೆ ಪ್ರಿಂಟು ಒಂದೇ ವರ್ಷ ಬರುವುದು ಅಂತಾರೆ, ವೀಡಿಯೋಗಳಲ್ಲಿ 100 ವರ್ಷ ಅಂತಾರೆ. ಮಗಳ ಮದುವೆಯ 32 ಜನರ ಗುಂಪು ಫೋಟೋ ವಾಟ್ಸಾಪಿನಲ್ಲಿ ಬಂದದ್ದುಂಟು, ಅದನ್ನು 20x30 ಇಂಚು ಮಾಡಬಹುದಾ? ಅತ್ತೆ ಮಾವನ 1974ರ ಮದುವೆ ಫೋಟೋ ಗ್ಲಾಸಿಗೆ ಅಂಟಿ ಹೋಗಿದೆ, ಅದನ್ನು ಬಿಡಿಸುವುದು ಹೇಗೆ?

ಉತ್ತರ: ಅಕ್ಕ, ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಕೇಳಿದ್ದು ಪ್ರಿಂಟರಿನ ಬಗ್ಗೆ, ಆದ್ರೆ ನನ್ನ ಕಣ್ಣು ಹೋದದ್ದು ಆ "ಪಶ್ಚಿಮದ ಗೋಡೆ", "ಮಾರ್ಚಿನಲ್ಲಿ ಸಾರಣೆ" ಅನ್ನುವ ಎರಡು ಮಾತಿನ ಮೇಲೆ. ಕುಂಬಳೆ ಕಡೆ ಸ್ಟುಡಿಯೋ ಮತ್ತೆ ಫ್ರೇಮಿನ ಅಂಗಡಿ ಇಟ್ಟು 28 ವರ್ಷ ಆಯ್ತು, ಮಳೆಗಾಲ ಕಳೆದು ನನ್ನ ಟೇಬಲಿಗೆ ಬರುವ ಹಾಳಾದ ಫೋಟೋಗಳಲ್ಲಿ ಪ್ರಿಂಟಿನದ್ದೇ ತಪ್ಪು ಇರುವುದು ಕಡಿಮೆ, ಗೋಡೆಯ ಪಸೆಯದ್ದೇ ಹೆಚ್ಚು. ಮಗ ಎಷ್ಟು ಒಳ್ಳೆಯ ಪ್ರಿಂಟರ್ ಕೊಟ್ಟರೂ ಅದೇ ಗೋಡೆಗೆ ಅದೇ ರೀತಿ ತಾಗಿಸಿ ತೂಗಿದ್ರೆ ಬರುವ ಆಟಿಗೆ ಪುನಃ ಅದೇ ಕಥೆ ಆಗ್ತದೆ, ಹಾಗಾಗಿ ಗೋಡೆಯಿಂದಲೇ ಶುರು ಮಾಡುವ.

ನಮ್ಮ ಹಳೇ ಮನೆಗಳ ಗೋಡೆ ಮುರಕಲ್ಲಿನದ್ದು. ಮುರಕಲ್ಲು ಅಂದ್ರೆ ಒಳಗೆಲ್ಲ ತೂತು ತೂತು, ನೀರು ಹೀರ್ತದೆ, ಹೀರಿದ್ದನ್ನು ನಿಧಾನ ಬಿಡ್ತದೆ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ, ಅದರ ದೊಡ್ಡ ಪಾಲು ಜೂನಿಂದ ಸೆಪ್ಟೆಂಬರ್ ಒಳಗೆ, ಅದೂ ಕಡಲ ಕಡೆಯಿಂದ ಗಾಳಿಯೊಟ್ಟಿಗೆ ಬಂದು ಮೊದಲು ಹೊಡೆಯುವುದು ಪಶ್ಚಿಮದ ಗೋಡೆಗೆ. ಅದರ ಮೇಲೆ ನಿಮ್ಮದು ಹೊಸ ಸಿಮೆಂಟ್ ಸಾರಣೆ. ಸಾರಣೆ ಮುಟ್ಟಿದ್ರೆ ಒಣಗಿದ ಹಾಗೆ ಕಂಡ್ರೂ ಒಳಗಿನ ನೀರು ಪೂರ್ತಿ ಹೋಗ್ಲಿಕ್ಕೆ ತಿಂಗಳುಗಟ್ಟಲೆ ಬೇಕು, ನೀವು ಅದಕ್ಕೆ ಪೈಂಟ್ ಕೊಟ್ಟು ಬಾಯಿ ಮುಚ್ಚಿಸಿದ್ರಿ, ಅಷ್ಟರಲ್ಲಿ ಮಳೆ ಬಂತು. ಆ ಗೋಡೆಗೆ ಫ್ರೇಮ್ ಒತ್ತಿ ಕೂತಿತ್ತು, ಹಿಂದಿನ ಹಾರ್ಡ್‌ಬೋರ್ಡ್ ಪಸೆ ಕುಡೀತು, ಬೋರ್ಡಿನಿಂದ ಪೇಪರಿಗೆ ಬಂತು, ಎದುರಲ್ಲಿ ಗ್ಲಾಸು ಇದ್ದ ಕಾರಣ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ. ಗಾಳಿಯಲ್ಲಿ ತೇವ 65-70 ಶೇಕಡಾ ದಾಟಿ ಹಾಗೇ ನಿಂತ್ರೆ ಬೂಷ್ಟು ಬರ್ತದೆ, ಜುಲೈಯಲ್ಲಿ ನನ್ನ ಅಂಗಡಿಯಲ್ಲಿ ತೇವ ಅಳೆಯುವ ಹೈಗ್ರೋಮೀಟರ್ 85ರ ಕೆಳಗೆ ಇಳಿಯುವುದೇ ಅಪರೂಪ, ಫ್ರೇಮಿನ ಒಳಗೆ ಅದಕ್ಕಿಂತಲೂ ಹೆಚ್ಚು ಇದ್ದೀತು.

ಗೋಡೆಯೇ ಕಾರಣವಾ ಅಂತ ನೀವೇ ನೋಡಬಹುದು. ಒಂದು ಅಡಿ ಉದ್ದಗಲದ ದಪ್ಪ ಪ್ಲಾಸ್ಟಿಕ್ ಹಾಳೆ ತಗೊಂಡು ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪ್ ಹಾಕಿ ಗಾಳಿ ಹೋಗದ ಹಾಗೆ ಮುಚ್ಚಿ, ಎರಡು ಮೂರು ದಿನ ಬಿಟ್ಟು ನೋಡಿ. ಹಾಳೆಯ ಹಿಂದುಗಡೆ, ಗೋಡೆ ಬದಿಗೆ ಬೆವರು ಕಟ್ಟಿದ್ರೆ ಪಸೆ ಗೋಡೆಯಿಂದ ಬರುವುದು, ಎದುರುಗಡೆ ಮಾತ್ರ ತೇವ ಆಗಿದ್ರೆ ಅದು ಚಾವಡಿಯ ಗಾಳಿಯದ್ದು. ಗೋಡೆಯಿಂದಲೇ ಅಂತಾದ್ರೆ ಹೊರಗಿನ ಮಾಡಿನ ಅಂಚು ಮುಂದಕ್ಕೆ ಚಾಚಿಸುವುದೋ, ಹೊರಬದಿಗೆ ನೀರು ತಾಗದ ಪೈಂಟ್ ಕೊಡುವುದೋ ಮಾಡದೆ ಅಲ್ಲಿ ಯಾವ ಫೋಟೋವೂ ಬೇಡ. ನನ್ನ ಅಭಿಪ್ರಾಯ ಕೇಳಿದ್ರೆ ಚಾವಡಿ ಮತ್ತೆ ಒಳಕೋಣೆಯ ನಡುವಿನ ಗೋಡೆ ಹಿಡಿಯಿರಿ, ಅದಕ್ಕೆ ಎರಡೂ ಬದಿ ಮನೆಯೇ ಇರುವ ಕಾರಣ ಮಳೆ ತಾಗುವುದಿಲ್ಲ. ಆಸೆಪಟ್ಟ ಗೋಡೆ ಬಿಡುವುದು ಬೇಜಾರಿನ ಸಂಗತಿ ಅಂತ ಗೊತ್ತುಂಟು, ಆದ್ರೂ.

ಇನ್ನು ಬಿಳಿ ಅಂಗಿ ಗುಲಾಬಿ ಆದದ್ದು. ಮನೆಯಲ್ಲಿರುವ ಇಂಥ ಪ್ರಿಂಟರುಗಳ ಬಣ್ಣದ ಇಂಕು ಹೆಚ್ಚಾಗಿ ಡೈ ಇಂಕು, ಅಂದ್ರೆ ಸಕ್ಕರೆ ನೀರಿನಲ್ಲಿ ಕರಗಿದ ಹಾಗೆ ಬಣ್ಣ ನೀರಲ್ಲಿ ಕರಗಿರ್ತದೆ. ಪೇಪರ್ ಪುನಃ ತೇವ ಆದ್ರೆ ಆ ಬಣ್ಣ ಕೂತ ಜಾಗ ಬಿಟ್ಟು ಪಕ್ಕಕ್ಕೆ ಹರೀತದೆ, ಕಪ್ಪು ಕೂದಲಿನ ಅಂಚಿನಿಂದ, ಕೆಂಪು ಸೀರೆಯಿಂದ ಬಿಳಿ ಜಾಗಕ್ಕೆ ಇಳೀತದೆ, ನಿಮ್ಮ ಫೋಟೋದಲ್ಲಿ ಆದದ್ದು ಇದೇ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕರಗಿರುವುದಿಲ್ಲ, ಸಣ್ಣ ಸಣ್ಣ ಕಣ ಆಗಿ ತೇಲ್ತಾ ಇರ್ತದೆ, ಪೇಪರಿನ ಮೇಲೆ ಕೂತ ಮೇಲೆ ಅಷ್ಟು ಸುಲಭದಲ್ಲಿ ಜಾಗ ಬಿಡುವುದಿಲ್ಲ, ಬಿಸಿಲಿಗೂ ಹೆಚ್ಚು ತಡೆಯುತ್ತದೆ.

ಆದ್ರೆ ಇಂಕಿಗಿಂತ ಮೊದಲು ಪೇಪರ್ ನೋಡಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕಡಿಮೆ ಕ್ರಯದ "ಹೈ ಗ್ಲಾಸಿ" ಪೇಪರು ಹೆಚ್ಚಿನದ್ದು ಒಂದು ಬದಿಗೆ ಮಾತ್ರ ಹೊಳಪು ಕೊಟ್ಟ ಬರೀ ಕಾಗದ, ಬೆನ್ನಿನ ಬದಿ ಬಾಯಿ ತೆರೆದೇ ಇರ್ತದೆ. ಉಳಿದ ಒಂದು ಹಾಳೆ ಇದ್ರೆ ಬೆನ್ನಿಗೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಉರುಟಾಗಿ ನಿಂತ್ರೆ ಅದು ಎರಡೂ ಬದಿ ಪ್ಲಾಸ್ಟಿಕ್ ಪದರ ಇರುವ ಆರ್‌ಸಿ ಪೇಪರ್, ಒಂದೆರಡು ನಿಮಿಷದಲ್ಲಿ ಹೀರಿ ಕಲೆ ಆದ್ರೆ ಬರೀ ಕಾಗದ. ಗೋಡೆಗೆ ಹಾಕುವುದಕ್ಕೆ ಆರ್‌ಸಿಯೇ ಬೇಕು, 250-270 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ದಪ್ಪದ್ದು, ಅದರಲ್ಲೂ ಕನ್ನಡಿಯಂಥ ಗ್ಲಾಸಿ ಪೇಪರಿಗಿಂತ ಅರೆಹೊಳಪಿನ ಲಸ್ಟರ್ ಅಥವಾ ಸ್ಯಾಟಿನ್ ತಗೊಳ್ಳಿ, ಬೆರಳಿನ ಗುರುತು ಕಾಣುವುದಿಲ್ಲ, ಗ್ಲಾಸಿಗೆ ಅಂಟುವ ಭಯವೂ ಕಡಿಮೆ.

ಒಂದು ವರ್ಷವಾ 100 ವರ್ಷವಾ ಅಂತ ಕೇಳಿದ್ರಿ. ಇಬ್ಬರೂ ಪೂರ್ತಿ ಸುಳ್ಳು ಹೇಳಿದ್ದಲ್ಲ. ಪ್ರಿಂಟು ಎಷ್ಟು ವರ್ಷ ಬಾಳ್ತದೆ ಅಂತ ಪರೀಕ್ಷೆ ಮಾಡುವ ವಿಲ್‌ಹೆಮ್ ಇಮೇಜಿಂಗ್ ರಿಸರ್ಚ್ ಅಂತ ಅಮೆರಿಕದಲ್ಲಿ ಒಂದು ಸಂಸ್ಥೆ ಉಂಟು, ಪ್ರಿಂಟರ್ ಕಂಪೆನಿಗಳು ಅವರ ಲೆಕ್ಕವನ್ನು ತುಂಬ ಸಲ ಹೇಳ್ತವೆ. ಆ ಲೆಕ್ಕದ ಹಿಂದಿರುವುದು 24 ಡಿಗ್ರಿ ಉಷ್ಣತೆ, 60 ಶೇಕಡಾ ತೇವ, ದಿನಕ್ಕೆ 12 ಗಂಟೆ 450 ಲಕ್ಸ್ ಬೆಳಕು. ನಮ್ಮ ಮಳೆಗಾಲದಲ್ಲಿ 60 ಶೇಕಡಾ ತೇವ ಎಸಿ ಹಾಕಿದ ಕೋಣೆ ಬಿಟ್ಟು ಬೇರೆಲ್ಲಿ ಸಿಗ್ತದೆ ಹೇಳಿ. ಮತ್ತೆ ಆ ದೊಡ್ಡ ದೊಡ್ಡ ವರ್ಷದ ಸಂಖ್ಯೆಗಳಲ್ಲಿ ಕೆಲವು ಆಲ್ಬಮಿನಲ್ಲಿ, ಕತ್ತಲೆಯಲ್ಲಿ ಇಟ್ಟದ್ದಕ್ಕೆ ಹೇಳಿದ್ದು, ಗೋಡೆಗೆ ಹೇಳಿದ್ದಲ್ಲ. ಲ್ಯಾಬಿನವರ ಒಂದು ವರ್ಷವೂ ಸರಿಯೇ, ಆದ್ರೆ ಅದು ಕಂಪೆನಿದ್ದಲ್ಲದ ಡೂಪ್ಲಿಕೇಟ್ ಇಂಕು, ಬರೀ ಕಾಗದ, ಗ್ಲಾಸಿಲ್ಲದೆ ಕಿಟಕಿ ಬದಿಗೆ ಹಾಕಿದ್ದಕ್ಕೆ. ನನ್ನ ಅಂಗಡಿಯ ಕೌಂಟರಿನ ಹಿಂದೆ 2014ರಲ್ಲಿ ಡೈ ಇಂಕಿನಲ್ಲಿ ಮಾಡಿದ ಒಂದು ಪ್ರಿಂಟು ಉಂಟು, ಯಕ್ಷಗಾನದ ಬಣ್ಣದ ವೇಷದ್ದು, ಅದರ ಎಡಬದಿಗೆ ತುಂಬ ವರ್ಷ ಒಂದು ಗೋಡೆ ಕ್ಯಾಲೆಂಡರ್ ಅಡ್ಡ ಇತ್ತು. ಒಂದು ದಿನ ಕ್ಯಾಲೆಂಡರ್ ತೆಗೆದು ನೋಡಿದ್ರೆ ಅಡಿಯಲ್ಲಿದ್ದ ಭಾಗ ನಿನ್ನೆ ಪ್ರಿಂಟ್ ಮಾಡಿದ ಹಾಗೆ, ಉಳಿದ ಭಾಗದ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಒಂದೇ ಪೇಪರ್, ಒಂದೇ ಇಂಕು, ಒಂದೇ ಗೋಡೆ. ವ್ಯತ್ಯಾಸ ಮಾಡಿದ್ದು ಬಾಗಿಲಿನಿಂದ ಬರುವ ಬೆಳಕು ಮಾತ್ರ. ಹಾಗಾಗಿ ನನ್ನನ್ನು ಕೇಳಿದ್ರೆ ಒಳ್ಳೆ ಪೇಪರ್, ಕಂಪೆನಿ ಇಂಕು, ಗ್ಲಾಸು, ಬಿಸಿಲು ಬೀಳದ ಒಣ ಗೋಡೆ, ಇಷ್ಟು ಇದ್ರೆ ಮನೆಯ ಡೈ ಪ್ರಿಂಟು ನಮ್ಮಲ್ಲಿ ಒಂದು ಎಂಟು ಹತ್ತು ವರ್ಷ ಚಂದ ಇರ್ತದೆ. ಮಕ್ಕಳ ಫೋಟೋಗೆ ಅಷ್ಟು ಸಾಕು, ಅವರು ಬೆಳೆದ ಹಾಗೆ ನೀವೇ ಬದಲಿಸ್ತೀರಿ. ಅತ್ತೆ ಮಾವನ ಫೋಟೋಗೆ ಸಾಕಾಗುವುದಿಲ್ಲ.

ಹಾಗಾದ್ರೆ ಮಗ ಹೇಳಿದ ಪ್ರಿಂಟರ್ ತಗೊಳ್ಳಬಹುದಾ ಅಂದ್ರೆ, ತಿಂಗಳಿಗೆ ನಾಲ್ಕೈದಾದ್ರೂ ಫೋಟೋ ಪ್ರಿಂಟ್ ಮಾಡುವ ಉಮೇದು ಇದ್ರೆ ತಗೊಳ್ಳಿ, ಈ ಗೋಡೆಯ 10-12 ಫೋಟೋಕ್ಕೆ ಮಾತ್ರ ಅಂತಾದ್ರೆ ಬೇಡ. ಇಂಕ್ ಪ್ರಿಂಟರ್ ಅಂದ್ರೆ ಹಾಲು ಕೊಡುವ ದನದ ಹಾಗೆ, ಬಿಟ್ಟು ಇಡ್ಲಿಕ್ಕೆ ಆಗುವುದಿಲ್ಲ. ವಾರಕ್ಕೊಮ್ಮೆ ನಾಝಲ್ ಚೆಕ್ (ಇಂಕಿನ ತೂತು ಕಟ್ಟಿದೆಯಾ ಅಂತ ನೋಡುವ ಸಣ್ಣ ಪ್ರಿಂಟು) ಒಂದಾದ್ರೂ ಮಾಡ್ಬೇಕು, ಇಲ್ಲದಿದ್ರೆ ಇಂಕು ಚಿಮ್ಮಿಸುವ ಹೆಡ್ಡಿನಲ್ಲಿ ಇಂಕು ಒಣಗಿ ಗೆರೆ ಬರ್ತದೆ, ಅದನ್ನು ಕ್ಲೀನ್ ಮಾಡ್ಲಿಕ್ಕೇ ಅರ್ಧ ಇಂಕು ಹೋಗ್ತದೆ. ಮತ್ತೆ ಬಂದ್ ಮಾಡುವಾಗ ಪ್ರಿಂಟರಿನದ್ದೇ ಬಟನ್ ಒತ್ತಿ, ಗೋಡೆಯ ಸ್ವಿಚ್ಚು ಆಮೇಲೆ. ಬಟನ್ ಒತ್ತಿದ್ರೆ ಹೆಡ್ಡು ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಅಡಿಯಲ್ಲಿ ಕೂತುಕೊಳ್ತದೆ, ಸೀದಾ ಸ್ವಿಚ್ಚು ತೆಗೆದ್ರೆ ನಡುದಾರಿಯಲ್ಲಿ ಬಾಯಿ ತೆರೆದೇ ನಿಲ್ತದೆ. ನಮ್ಮಲ್ಲಿ ಕರೆಂಟ್ ಹೋಗುವುದು ಹೆಚ್ಚು, ಸಣ್ಣದೊಂದು ಯುಪಿಎಸ್ ಇದ್ರೆ ಒಳ್ಳೆಯದು.

6 ಬಣ್ಣ ಅಂದ್ರೆ ಎಲ್ಲ ಒಂದೇ ಅಲ್ಲ. ಎಪ್ಸನ್ ಎಲ್8050 ಅಂಥದ್ದರಲ್ಲಿ ಹೆಚ್ಚಿಗೆ ಇರುವ ಎರಡು ಬಣ್ಣ ತೆಳು ನೀಲಿ ಮತ್ತೆ ತೆಳು ಮಜೆಂಟಾ, ಅದರಿಂದ ಮುಖದ ಬಣ್ಣ ನಯವಾಗಿ ಬರ್ತದೆ. ಕ್ಯಾನನ್ ಜಿ570 ಅಂಥದ್ದರಲ್ಲಿ ಕೆಂಪು ಮತ್ತೆ ಬೂದು, ಬೂದು ಇಂಕು ಇದ್ರೆ ಕಪ್ಪು ಬಿಳುಪು ಫೋಟೋಗೆ ಉಪಕಾರ. 4 ಬಣ್ಣದ ಪ್ರಿಂಟರಿನಲ್ಲಿ ಕಪ್ಪು ಬಿಳುಪು ಪ್ರಿಂಟು ಮಾಡಿದ್ರೆ ಒಂದು ಹಸಿರು ಛಾಯೆಯೋ ಗುಲಾಬಿ ಛಾಯೆಯೋ ಬರ್ತದಲ್ಲ, ಅದಕ್ಕೆ ಕಾರಣ ಬೂದು ಬಣ್ಣವನ್ನು ಅದು ಮೂರು ಬಣ್ಣ ಕಲಸಿ ಮಾಡುವುದು. ಈ ಎರಡೂ ಎ4 ಪ್ರಿಂಟರುಗಳು, ಇದು ನೆನಪಿರಲಿ. ಎ4 ಹಾಳೆಯ ಉದ್ದ 11.7 ಇಂಚು, ಹಾಗಾಗಿ 8x12 ಫ್ರೇಮ್ ತಂದ್ರೆ ಕಾಲು ಇಂಚು ಕಡಿಮೆ ಬಿದ್ದು ಅಂಚಿನಲ್ಲಿ ಬಿಳಿ ಕಾಣ್ತದೆ, 8x10 ಸರಿ ಕೂತುಕೊಳ್ತದೆ. ಇದನ್ನು ತಿಳಿಯದೆ ಒಂದು ಡಜನ್ ಫ್ರೇಮ್ ಮೊದಲೇ ತಂದಿಟ್ಟು ಮತ್ತೆ ನನ್ನ ಹತ್ರ ಬಂದವರಿದ್ದಾರೆ, ಅದಕ್ಕೆ ಹೇಳಿದ್ದು.

ಪ್ರಿಂಟ್ ಕೊಡುವಾಗ ಪೇಪರ್ ಟೈಪ್ ಅಂತ ಒಂದು ಜಾಗ ಬರ್ತದೆ, ಅಲ್ಲಿ ಹಾಕಿದ ಪೇಪರಿನ ಹೆಸರೇ ಇರ್ಬೇಕು. ಪ್ಲೇನ್ ಪೇಪರ್ ಅಂತ ಬಿಟ್ಟು ಫೋಟೋ ಪೇಪರಿಗೆ ಹೊಡೆದ್ರೆ ಇಂಕಿನ ಲೆಕ್ಕವೇ ತಪ್ಪುತ್ತದೆ. ಎಲ್ಲರೂ ಹೇಳುವ ಇನ್ನೊಂದು ದೂರು, ಮೊಬೈಲಿನಲ್ಲಿ ಬೆಳ್ಳಗೆ ಇದ್ದದ್ದು ಪ್ರಿಂಟಿನಲ್ಲಿ ಕಪ್ಪಾಯ್ತು ಅಂತ. ಸ್ಕ್ರೀನು ತಾನೇ ಬೆಳಕು ಕೊಡ್ತದೆ, ಪೇಪರು ಕೋಣೆಯ ಬೆಳಕನ್ನು ಹಿಂದೆ ಕೊಡ್ತದೆ ಅಷ್ಟೇ. ಹೆಂಚಿನ ಮನೆಯ ಚಾವಡಿಯಲ್ಲಿ ಹಗಲಲ್ಲೂ ಮಬ್ಬು. ಮೊಬೈಲ್ ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗೆ ಇಳಿಸಿ ಫೋಟೋ ನೋಡಿ, ಮುಖ ಕಪ್ಪು ಕಂಡ್ರೆ ಸ್ವಲ್ಪ ಏರಿಸಿ, 4x6ರಲ್ಲಿ ಒಂದು ಸ್ಯಾಂಪಲ್ ತೆಗೆದು ತೂಗು ಹಾಕುವ ಗೋಡೆಯ ಹತ್ರವೇ ಹಿಡಿದು ನೋಡಿ. ಜಗಲಿಯ ಬಿಸಿಲಿನಲ್ಲಿ ನೋಡಿ ಸರಿ ಉಂಟು ಅಂತ ನಿಶ್ಚಯ ಮಾಡ್ಬೇಡಿ. ಪ್ರಿಂಟ್ ಆದ ಮೇಲೆ ಒಂದು ದಿನ ಪೂರ್ತಿ ತೆರೆದು ಇಡಿ, ಮಳೆಗಾಲ ಆದ್ರೆ ಎರಡು ದಿನ. ಇಂಕಿನಲ್ಲಿ ಬೇಗ ಆರದ ದ್ರವ ಇರ್ತದೆ, ಕೂಡ್ಲೇ ಗ್ಲಾಸ್ ಹಾಕಿದ್ರೆ ಅದು ಒಳಗೇ ಮಂಜಿನ ಹಾಗೆ ಕೂತುಕೊಳ್ತದೆ.

ಗುಂಪು ಫೋಟೋದ ವಿಷಯ. ಎಷ್ಟು ಮೆಗಾಪಿಕ್ಸೆಲ್ ಅಂತ ಎಲ್ಲರೂ ಕೇಳ್ತಾರೆ, ನಾನು ಒಂದೊಂದು ಮುಖಕ್ಕೆ ಎಷ್ಟು ಸಿಗ್ತದೆ ಅಂತ ನೋಡುವುದು. 12 ಮೆಗಾಪಿಕ್ಸೆಲ್ ಮೊಬೈಲಿನ ಫೋಟೋ 4000x3000 ಚುಕ್ಕೆ, 32 ಜನ ಮೂರು ಸಾಲಿನಲ್ಲಿ ನಿಂತ್ರೆ ಒಂದು ಸಾಲಿಗೆ 11 ಜನ, ಒಬ್ಬರಿಗೆ ಅಗಲದಲ್ಲಿ 300 ಚಿಲ್ಲರೆ, ಮುಖಕ್ಕೆ ಸುಮಾರು 130. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ್ರೆ ಉದ್ದದ ಬದಿ 1600 ಚುಕ್ಕೆಗೆ ಇಳೀತದೆ, ಆಗ ಮುಖಕ್ಕೆ ಉಳಿಯುವುದು 50. 50 ಚುಕ್ಕೆಯಲ್ಲಿ ಕಣ್ಣಿನ ರೆಪ್ಪೆ, ಹಣೆಯ ಬೊಟ್ಟು, ನಗು ಎಲ್ಲ ಹಿಡಿಸ್ಬೇಕು. 20x30 ಮಾಡಿದ್ರೆ ಇಂಚಿಗೆ 53 ಚುಕ್ಕೆ ಮಾತ್ರ, ಎಲ್ಲರೂ ಮೇಣದ ಬೊಂಬೆಯ ಹಾಗೆ ಕಾಣ್ತಾರೆ, ಬೇಡವೇ ಬೇಡ. ಅದೇ ಒರಿಜಿನಲ್ ಸಿಕ್ಕಿದ್ರೆ 20x30ಕ್ಕೆ ಇಂಚಿಗೆ 133 ಬರ್ತದೆ, ಐದಾರು ಅಡಿ ದೂರದಿಂದ ನೋಡುವ ಫೋಟೋಗೆ ನಡೀತದೆ, 12x16 ಮಾಡಿದ್ರೆ 250, ಹತ್ರ ಹೋಗಿ ನೋಡಿದ್ರೂ ಚಂದ. ನಾನಾದ್ರೆ 12x16ಕ್ಕೇ ನಿಲ್ಲಿಸ್ತೇನೆ, ಸುತ್ತ ಎರಡೂವರೆ ಇಂಚು ಬಿಳಿ ಮೌಂಟ್ (ಫೋಟೋದ ಸುತ್ತ ಕೂರಿಸುವ ದಪ್ಪ ರಟ್ಟಿನ ಅಂಚು) ಕೊಟ್ಟು 17x21 ಫ್ರೇಮ್ ಹಾಕ್ತೇನೆ, ಗೋಡೆಯಲ್ಲಿ ದೊಡ್ಡದಾಗಿಯೇ ಕಾಣ್ತದೆ. ಮೊಬೈಲಿನ ಫೋಟೋ 4:3 ಇರುವುದು, 20x30 ಫ್ರೇಮಿಗೆ ಅದನ್ನು ಕೂರಿಸ್ಬೇಕಾದ್ರೆ ಮೇಲೆ ಕೆಳಗೆ ಕತ್ತರಿಸ್ಲೇಬೇಕು, ಹಿಂದಿನ ಸಾಲಿನವರ ತಲೆ ಅಥವಾ ಎದುರು ಕೂತ ಮಕ್ಕಳ ಕಾಲು ಹೋಗ್ತದೆ. 12x16 ಅದೇ ಅಳತೆ, ಏನೂ ಹೋಗುವುದಿಲ್ಲ.

ಹಾಗಾಗಿ ಇವತ್ತೇ ಆ ಫೋಟೋ ತೆಗೆದವರಿಗೆ ಫೋನ್ ಮಾಡಿ, ಡಾಕ್ಯುಮೆಂಟ್ ಆಗಿ ಕಳಿಸ್ಲಿಕ್ಕೆ ಹೇಳಿ, ಅಥವಾ ಡ್ರೈವಿನಲ್ಲಿ ಹಾಕ್ಲಿಕ್ಕೆ ಹೇಳಿ. ಜನ ಮೊಬೈಲ್ ಬದಲಿಸ್ತಾ ಇರ್ತಾರೆ, ಹಳೇ ಮೊಬೈಲ್ ಹೋದ ಮೇಲೆ ವಾಟ್ಸಾಪಿನ ಕಾಪಿ ಮಾತ್ರ ಉಳಿದ ಮದುವೆ ಫೋಟೋಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸಿಗದೇ ಹೋದ್ರೆ 8x10 ಮಾಡಿ, 150 ಚುಕ್ಕೆ ಬರ್ತದೆ, ಸಾಧಾರಣ ಉಂಟು.

ಈಗ ಅತ್ತೆ ಮಾವನ ಫೋಟೋ. ದಯವಿಟ್ಟು ಅದನ್ನು ಬಿಡಿಸ್ಲಿಕ್ಕೆ ಹೋಗ್ಬೇಡಿ. ಆ ಕಾಲದ ಕಪ್ಪು ಬಿಳುಪು ಪ್ರಿಂಟಿನ ಮೇಲ್ಪದರ ಜೆಲಾಟಿನ್, ಅದರೊಳಗೆ ಬೆಳ್ಳಿಯ ಕಣದಲ್ಲಿ ಚಿತ್ರ ಇರುವುದು. ಐವತ್ತು ಮಳೆಗಾಲದಲ್ಲಿ ಆ ಜೆಲಾಟಿನ್ ತೇವ ಕುಡಿದು ಮೆತ್ತಗಾಗಿ, ಬೇಸಗೆಯಲ್ಲಿ ಒಣಗಿ, ಗ್ಲಾಸಿಗೆ ಗೋಂದಿನ ಹಾಗೆ ಹಿಡಿದಿರ್ತದೆ. ನಾನು ಅಂಗಡಿ ಹಾಕಿದ ಎರಡನೇ ವರ್ಷ ಒಬ್ಬರು ಅವರ ಅಜ್ಜನ ಫೋಟೋ ತಂದಿದ್ರು, ಮನೆಯಲ್ಲಿ ಅಜ್ಜನದ್ದು ಅಂತ ಇದ್ದದ್ದೇ ಅದೊಂದು. ನಾನು ಬಿಸಿ ಗಾಳಿ ಕೊಟ್ಟು ಒಂದು ಮೂಲೆಯಿಂದ ನಿಧಾನ ಎಬ್ಬಿಸಿದೆ, ಅಂಚೆಲ್ಲ ಚಂದದಲ್ಲಿ ಬಂತು, ನಡುವಿಗೆ ಬರುವಾಗ ಕಾಗದ ಮಾತ್ರ ನನ್ನ ಕೈಗೆ ಬಂತು, ಮುಖದ ಪದರ ಗ್ಲಾಸಿನಲ್ಲೇ ಉಳೀತು. ಅವರು ಏನೂ ಹೇಳ್ಲಿಲ್ಲ, ಗ್ಲಾಸನ್ನು ಪೇಪರಿನಲ್ಲಿ ಸುತ್ತಿ ಹಾಗೇ ತಗೊಂಡು ಹೋದ್ರು. ಮೊದಲೇ ಒಂದು ಕಾಪಿ ತೆಗೆದಿಟ್ಟಿದ್ರೆ ಅಷ್ಟು ಆಗ್ತಿರಲಿಲ್ಲ. ಅವತ್ತಿನಿಂದ ಅಂಟಿದ ಫೋಟೋವನ್ನು ನಾನು ಬಿಡಿಸುವುದಿಲ್ಲ, ಯಾರಿಗೂ ಬಿಡಿಸ್ಲಿಕ್ಕೆ ಹೇಳುವುದೂ ಇಲ್ಲ. ನೀರಲ್ಲಿ ನೆನೆಸಿ ಬಿಡಿಸುವ ವೀಡಿಯೋ ಉಂಟು, ಕೆಲವು ಸಲ ಸರಿಯಾಗಿ ಬರ್ತದೆ, ಆದ್ರೆ ಬೂಷ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗಿಯೇ ಹೋಗಬಹುದು, ಸೀರೆಗೆ, ತುಟಿಗೆ ಕೈಯಿಂದ ಬಣ್ಣ ಹಚ್ಚಿದ ಫೋಟೋ ಆದ್ರೆ ಆ ಬಣ್ಣವೂ ಹೋಗಬಹುದು.

ಮಾಡ್ಬೇಕಾದ್ದು ಗ್ಲಾಸಿನ ಮೂಲಕವೇ ಕಾಪಿ ತೆಗೆಯುವುದು. ಇಲ್ಲೊಂದು ವಿಷಯ ಗಮನಿಸಿ, ಮನೆಯ ಆಲ್ ಇನ್ ಒನ್ ಪ್ರಿಂಟರಿನ ಸ್ಕ್ಯಾನರಿನಲ್ಲಿ ಇದು ಸರಿ ಬರುವುದಿಲ್ಲ. ಅದರಲ್ಲಿರುವುದು ಸಿಐಎಸ್ ಸೆನ್ಸರ್, ಗಾಜಿಗೆ ತಾಗಿ ಕೂತ ಕಾಗದ ಮಾತ್ರ ಅದಕ್ಕೆ ಸ್ಪಷ್ಟ ಕಾಣುವುದು, ನಡುವೆ ಫ್ರೇಮಿನ 2 ಮಿಲಿಮೀಟರ್ ಗ್ಲಾಸ್ ಬಂದ್ರೂ ಮಬ್ಬಾಗ್ತದೆ. ಸ್ಟುಡಿಯೋದಲ್ಲಿ ಸಿಸಿಡಿ ಸ್ಕ್ಯಾನರ್ (ಗಾಜಿನಿಂದ ಸ್ವಲ್ಪ ದೂರ ಇದ್ದದ್ದೂ ಸ್ಪಷ್ಟ ಕಾಣುವ ಬೇರೆ ಬಗೆಯ ಸೆನ್ಸರಿನದ್ದು) ಇದ್ರೆ ಅದರಲ್ಲಿ ಮಾಡಿಸಿ, ಅಥವಾ ಕ್ಯಾಮೆರಾದಲ್ಲಿ ತೆಗೆಯಿರಿ. ಗ್ಲಾಸಿನ ಹೊರಬದಿ ಒಣಬಟ್ಟೆಯಲ್ಲಿ ಒರೆಸಿ, ಏನೂ ಸ್ಪ್ರೇ ಮಾಡ್ಬೇಡಿ, ದ್ರವ ಅಂಚಿನಿಂದ ಒಳಗೆ ಇಳೀತದೆ. ಬೆಳಗ್ಗೆ ಜಗಲಿಯಲ್ಲಿ, ಬಿಸಿಲು ಬೀಳದ ಜಾಗದಲ್ಲಿ ಫೋಟೋ ನೆಟ್ಟಗೆ ನಿಲ್ಲಿಸಿ, ಕ್ಯಾಮೆರಾದ ಹಿಂದೆ ಇಬ್ಬರು ಒಂದು ಕಪ್ಪು ಕಂಬಳಿ ಅಗಲಿಸಿ ಹಿಡಿದ್ರೆ ಗ್ಲಾಸಿನಲ್ಲಿ ನಿಮ್ಮ ಅಂಗಳ ಕಾಣುವುದಿಲ್ಲ. ಮೊಬೈಲ್ ಆದ್ರೆ ತೀರ ಹತ್ರ ಹೋಗ್ಬೇಡಿ, ಹಿಂದೆ ನಿಂತು 2ಎಕ್ಸ್ ಝೂಮ್ ಹಾಕಿ, ಸ್ಟ್ಯಾಂಡಿನಲ್ಲಿಟ್ಟು ಟೈಮರಿನಲ್ಲಿ ತೆಗೆಯಿರಿ. ಅಂಟದೆ ಬಿಡಿಯಾಗಿರುವ ಹಳೇ ಫೋಟೋಗಳಿಗೆ ಮನೆಯ ಸ್ಕ್ಯಾನರ್ ಸಾಕು, 600 ಡಿಪಿಐ (ಇಂಚಿಗೆ 600 ಚುಕ್ಕೆ) ಹಾಕಿ, ಕಪ್ಪು ಬಿಳುಪಾದ್ರೂ ಕಲರಿನಲ್ಲೇ ಸ್ಕ್ಯಾನ್ ಮಾಡಿ. ಹಳದಿ ಕಲೆ ಕಲರ್ ಫೈಲಿನಲ್ಲಿ ಬೇರೆಯಾಗಿ ಸಿಗ್ತದೆ, ತೆಗೆಯುವುದು ಸುಲಭ.

ಆಮೇಲೆ ಎಐ ಆ್ಯಪಿಗೆ ಹಾಕಿ ಸ್ಪಷ್ಟ ಮಾಡುವ ಅಂತ ಮನೆಯ ಮಕ್ಕಳು ಹೇಳ್ತಾರೆ. ಧೂಳು, ಗೆರೆ, ಬೂಷ್ಟಿನ ಕಲೆ ತೆಗೆಯುವವರೆಗೆ ನನಗೆ ತಕರಾರಿಲ್ಲ. ಮುಖಕ್ಕೆ ಬೇಡ. ಆ ಆ್ಯಪಿಗೆ ನಿಮ್ಮ ಅತ್ತೆ ಗೊತ್ತಿಲ್ಲ, ಅದು ಮಬ್ಬಾದ ಜಾಗದಲ್ಲಿ ಬೇರೆ ಯಾರದ್ದೋ ಕಣ್ಣು, ಯಾರದ್ದೋ ಹಲ್ಲು ಕೂರಿಸ್ತದೆ, ಮೂಗುಬೊಟ್ಟನ್ನು ಕಲೆ ಅಂತ ಅಳಿಸ್ತದೆ. ನೋಡ್ಲಿಕ್ಕೆ ಚಂದ, ಆದ್ರೆ ಅವರಲ್ಲ. ಹದಿನೈದು ವರ್ಷ ಕಳೆದು ಮೊಮ್ಮಕ್ಕಳು ಅಜ್ಜಿ ಹೀಗಿದ್ರು ಅಂತ ಅದನ್ನೇ ನಂಬ್ತಾರೆ. ಮಬ್ಬಾದ್ರೆ ಮಬ್ಬೇ ಇರಲಿ, ಸ್ವಲ್ಪ ಸಣ್ಣ ಸೈಜಿನಲ್ಲಿ ಹಾಕುವ. ಮೂಲ ಸ್ಕ್ಯಾನನ್ನು ಏನೂ ಮಾಡದೆ ಎರಡು ಜಾಗದಲ್ಲಿ ಉಳಿಸಿಡಿ, ತಿದ್ದುವುದು ಕಾಪಿಯಲ್ಲಿ.

ಈ ಒಂದು ಫೋಟೋವನ್ನು ಮನೆಯಲ್ಲಿ ಪ್ರಿಂಟ್ ಮಾಡ್ಬೇಡಿ ಅಂತ ನನ್ನ ಬೇಡಿಕೆ. ಮಂಗಳೂರಲ್ಲೋ ಬೆಂಗಳೂರಲ್ಲೋ ಪಿಗ್ಮೆಂಟ್ ಇಂಕಿನಲ್ಲಿ ಮ್ಯಾಟ್ ಅಥವಾ ಹತ್ತಿಯ ಪೇಪರಿಗೆ ಮಾಡಿಸಿ, ಮಗ ಹೇಗೂ ಅಲ್ಲಿದ್ದಾನೆ, ಪ್ರಿಂಟರಿಗೆ ಹಾಕುವ ದುಡ್ಡಿನ ಒಂದು ಸಣ್ಣ ಪಾಲು ಸಾಕು. ಉಳಿದ ದೊಡ್ಡ ಫೋಟೋಗಳಿಗೆ ಕಲರ್ ಲ್ಯಾಬಿನ ಪ್ರಿಂಟು ಧಾರಾಳ ಸಾಕು. ಆದ್ರೆ ಲ್ಯಾಬಿನ ಪ್ರಿಂಟೂ ಜೆಲಾಟಿನ್ನೇ, ಅದಕ್ಕೂ ಬೂಷ್ಟು ಬರ್ತದೆ, ಅದೂ ಗ್ಲಾಸಿಗೆ ಅಂಟ್ತದೆ, ಲ್ಯಾಬಿನದ್ದಕ್ಕೆ ಏನೂ ಆಗುವುದಿಲ್ಲ ಅನ್ನುವುದು ಬರೀ ನಂಬಿಕೆ. ಕ್ಯಾನ್ವಾಸ್ ಕೇಳುವವರು ಈಗ ಹೆಚ್ಚು, ಗ್ಲಾಸಿಲ್ಲದ ಕಾರಣ ತೇವ ಒಳಗೆ ಸಿಕ್ಕಿ ಹಾಕಿಕೊಳ್ಳುವುದಿಲ್ಲ ಅನ್ನುವುದು ಒಳ್ಳೆಯದೇ, ಆದ್ರೆ ಮಳೆಗಾಲದಲ್ಲಿ ಬಟ್ಟೆ ಸಡಿಲ ಆಗ್ತದೆ, ಒಳಗಿನ ಮರದ ಚೌಕಟ್ಟಿಗೆ ಗೆದ್ದಲು ಬರ್ತದೆ, ದೀಪದ ಹೊಗೆ ಕೂತ್ರೆ ಒರೆಸ್ಲಿಕ್ಕೆ ಆಗುವುದಿಲ್ಲ. ಸನ್‌ಬೋರ್ಡಿಗೆ (ಹಗುರ ಪ್ಲಾಸ್ಟಿಕ್ ಹಲಗೆಗೆ) ವಿನೈಲ್ ಹಾಳೆ ಅಂಟಿಸಿ ಲ್ಯಾಮಿನೇಷನ್ ಮಾಡಿದ್ದು ತೇವಕ್ಕೆ ಜಗ್ಗುವುದಿಲ್ಲ, ಮುಖದ ನಯ ಮಾತ್ರ ಬರುವುದಿಲ್ಲ, ತೋಟದ, ಮನೆಯ ಚಿತ್ರಕ್ಕೆ ಆದೀತು.

ಕಟ್ಟು ಹಾಕಿಸುವಾಗ ಎದುರು ನಿಂತು ಮಾಡಿಸಿ. ಫೋಟೋಗೂ ಗ್ಲಾಸಿಗೂ ತಾಗ್ಲೇಬಾರದು, ನಡುವೆ ದಪ್ಪ ಮೌಂಟ್ ಬೇಕು, ಮೌಂಟ್ ಬೋರ್ಡ್ ಆ್ಯಸಿಡ್ ಇಲ್ಲದ್ದು ಅಂತ ಕೇಳಿ ತಗೊಳ್ಳಿ, ಕಡಿಮೆಯದ್ದು ಅಂಚಿನಲ್ಲಿ ಫೋಟೋವನ್ನು ಹಳದಿ ಮಾಡ್ತದೆ. ಹಿಂದೆಲ್ಲ ಮೈದಾ ಗೋಂದು ಹಚ್ಚಿ ಫೋಟೋವನ್ನು ಬೋರ್ಡಿಗೆ ಪೂರ್ತಿ ಅಂಟಿಸ್ತಿದ್ರು, ಬೆಳ್ಳಿಹುಳಕ್ಕೂ ಬೂಷ್ಟಿಗೂ ಅದು ಊಟ. ಮೇಲಿನ ಅಂಚಿನಲ್ಲಿ ಎರಡು ಕಡೆ ಮಾತ್ರ ಹಿಡಿಸಿ ಉಳಿದದ್ದು ತೂಗಿಕೊಂಡು ಇರಲಿ, ತೇವಕ್ಕೆ ಪೇಪರ್ ಹಿಗ್ಗುವಾಗ ಅಲೆ ಬರುವುದಿಲ್ಲ. ಹಿಂಬದಿಗೆ ಹಾರ್ಡ್‌ಬೋರ್ಡ್ ಬೇಡ, 3 ಎಂಎಂ ಸನ್‌ಬೋರ್ಡ್ ಹಾಕಿಸಿ, ಅದು ನೀರು ಕುಡಿಯುವುದಿಲ್ಲ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ರಬ್ಬರ್ ಬುಚ್ಚು ಅಂಟಿಸಿ, ಬಾಟ್ಲಿಯ ಬೂಚನ್ನು ಅರ್ಧ ಇಂಚಿಗೆ ಕೊಯ್ದು ಹಾಕಿದ್ರೂ ಆಗ್ತದೆ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡ್ಬೇಕು. ನಿಮ್ಮ ಪಾಡು ನೋಡಿದ ಮೇಲೆ ನಾನು ಹೇಳುವುದರಲ್ಲಿ ಅತಿ ಕಡಿಮೆ ಖರ್ಚಿನ ಮತ್ತೆ ಅತಿ ಹೆಚ್ಚು ಪ್ರಯೋಜನದ ಕೆಲಸ ಈ ಬೂಚಿನದ್ದೇ.

ಒಂದು ನೀವು ಕೇಳದ ವಿಷಯ, ಅತ್ತೆ ಮಾವನ ಫೋಟೋಗೆ ಹೂ ಹಾಕುವ ಕ್ರಮ ಇದ್ದೇ ಇರ್ತದೆ. ಮಲ್ಲಿಗೆ ಮಾಲೆಯ ನೀರು ಫ್ರೇಮಿನ ಮೇಲಿನ ಅಂಚಿನಿಂದಲೇ ಒಳಗೆ ಇಳಿಯುವುದು, ಹಾಳಾದ ಹಿರಿಯರ ಫೋಟೋ ಬಿಚ್ಚಿದ್ರೆ ಕಲೆ ಯಾವಾಗ್ಲೂ ಮೇಲಿನಿಂದ ಕೆಳಗೆ ಇರ್ತದೆ. ಫೋಟೋದ ಮೊಳೆಯಿಂದ ಎರಡಿಂಚು ಮೇಲೆ ಎರಡೂ ಬದಿಗೆ ಬೇರೆ ಎರಡು ಮೊಳೆ ಹೊಡೆದು ಮಾಲೆಯನ್ನು ಅದಕ್ಕೆ ಹಾಕಿ, ಫ್ರೇಮಿಗೆ ತಾಗದೆ ಎದುರಿಗೆ ತೂಗಿಕೊಳ್ತದೆ, ಬಾಡಿದ ಕೂಡ್ಲೇ ತೆಗೆಯಿರಿ.

ಈಗಲೇ ಅವಸರ ಮಾಡ್ಬೇಡಿ. ಕಾಪಿ ತೆಗೆಯುವುದು, ಒರಿಜಿನಲ್ ಫೈಲ್ ಕೇಳಿ ತರಿಸುವುದು ಈ ವಾರ ಮಾಡಿ. ಪ್ರಿಂಟು, ಕಟ್ಟು, ಮೊಳೆ ಎಲ್ಲ ದೀಪಾವಳಿ ಕಳೆದು, ಗೋಡೆಗೆ ಎರಡು ತಿಂಗಳು ಬಿಸಿಲಿನ ಗಾಳಿ ಸಿಕ್ಕಿದ ಮೇಲೆ. ಬರುವ ಜೂನಿನಲ್ಲಿ ಮೊದಲ ಮಳೆ ಹಿಡಿದ ಹದಿನೈದು ದಿನಕ್ಕೆ ಒಂದು ಫ್ರೇಮ್ ಇಳಿಸಿ ಹಿಂದಿನ ಸನ್‌ಬೋರ್ಡಿಗೆ ಅಂಗೈ ಇಟ್ಟು ನೋಡಿ. ತಣ್ಣಗೆ, ಅಂಟಂಟಾಗಿ ತಾಗಿದ್ರೆ ಎಲ್ಲವನ್ನೂ ಇಳಿಸಿ ಒಳಗೆ ಕಪಾಟಿನಲ್ಲಿಟ್ಟು ನವರಾತ್ರಿಗೆ ಪುನಃ ಹಾಕಿ.